ಬಲಿ ಜೋಕಾಲಿ, ಸಲಿಕಿ, ಪೈಪು: ಹಿತ್ತಲದಾಗ ಎಲ್ಲಿ ಇಡ್ತೀರಿ ನೀವು?

ಕೆಲಗೇರಿ_ಹಿತ್ತಲ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದ ಕೆಲಗೇರಿ ಕಡೆ ಮನಿ. ಮನಿ ಸಣ್ಣದು, ಹಿತ್ತಲ ದೊಡ್ಡದು. ಒಂದು ಬೇವಿನ ಗಿಡ, ಒಂದು ಮಾವಿನ ಗಿಡ, ನಡುವ 13 ಫುಟ್ ಅಂತರ. ಅಲ್ಲಿ ಹ್ಯಾಮಕ್, ಅಂದ್ರ ತೂಗ ಹಾಕಿ ಮಲಗೂ ಹಾಸಿಗಿ, ಕಟ್ತೀವಿ. ನಮ್ಮವ್ವ ಅದಕ್ಕ ಬಲಿ ಜೋಕಾಲಿ ಅಂದ್ಳು, ಈಗ ಮನ್ಯಾಗ ಎಲ್ಲಾರೂ ಹಂಗ ಅಂತೀವಿ. ಹತ್ತಿ ಬಟ್ಟಿದು ಒಂದು, ನೈಲಾನ್ ಬಲಿದು ಎರಡು. ಜೋಡಿಗೆ ನಾಗರ ಪಂಚಮಿ ಜೋಕಾಲಿ ಹಗ್ಗ, ಅದರ ಕುಂದ್ರೂ ಮಣಿ, ಮಡಚೋ ಖುರ್ಚಿ ನಾಕು, ಸಲಿಕಿ, ಗುದ್ದಲಿ, ಕುರ್ಪಿ, ಹಾರಿ, 30 ಮೀಟರ್ ನೀರಿನ ಪೈಪು, ಅರ್ಧ ಚೀಲ ಯೂರಿಯಾ.

ಹೋದ ವರ್ಷ ಇಷ್ಟನ್ನೂ ಹಳೇ ಕಬ್ಬಿಣದ ಟ್ರಂಕಿನಾಗ ತುಂಬಿ, ಮ್ಯಾಲೆ ತಾಡಪತ್ರಿ ಹೊಚ್ಚಿ ಗ್ವಾಡಿಗೆ ಹಚ್ಚಿ ಇಟ್ಟಿದ್ದೆ. ಪಂಚಮಿಗೆ ತಗದು, ಆಡಿ, ಮಳಿಗೆ ತೊಯ್ದದ್ದನ್ನ ಹಂಗ ಸುತ್ತಿ ತುರುಕಿದ್ದು ನನ್ನ ತಪ್ಪು ಅಂತ ಮೊದ್ಲೇ ಒಪ್ಪಿಕೊಂಡು ಬಿಡ್ತೀನಿ. ಹುಬ್ಬಿ ಮಳಿ ಮುಗಿದ ಮ್ಯಾಲೆ ಟ್ರಂಕು ತಗದ್ರ ಮೂಗು ಮುಚ್ಚಿಕೊಳ್ಳೋ ಹಂಗ ವಾಸ್ನಿ. ಹತ್ತಿ ಹ್ಯಾಮಕ್ಕಿನ ತುಂಬ ಕರೀ ಚುಕ್ಕಿ. ಒಂದು ಮೂಲ್ಯಾಗ ಇಲಿ ಮರಿ ಹಾಕಿತ್ತು. ಸಲಿಕಿ ಜಂಗು ತಿಂದಿತ್ತು.

ಈ ಸಲ ಮಳಿ ಹತ್ತೂದ್ರೊಳಗ ಹೊರಗ ಒಂದು ಪತ್ರಾಸ ಶೆಡ್ ಮಾಡ್ಸೋಣು ಅಂತ. 6×4 ಫುಟ್, ನಾಕೂ ಕಡೆ ಬಂದ್, ಬೀಗ. ಅದರ ಒಂದು ಕಂಬಕ್ಕ ಹ್ಯಾಮಕ್ಕಿನ ಒಂದು ತುದಿ ಕಟ್ಟಿದ್ರ ಮಾವಿನ ಗಿಡದ ತ್ರಾಸ ತಪ್ಪತೈತಿ, ಎರಡೂ ಕೆಲಸ ಆಕ್ಕೈತಿ ಅಂತ ನನ್ನ ಲೆಕ್ಕ. ಅನುಭವ ಇದ್ದವರು ಹೇಳ್ರಿ.

ಗೋಕುಲರಸ್ತೆ_ವೆಲ್ಡರ್

ಅಣ್ಣಾರ, ಒಂದೂವರೆ ದಿನದ ಕೆಲಸ ಇದು. 40×40 ಚೌಕ ಪೈಪು, 16 ಗೇಜು. ಮೀಟರಿಗೆ ಸುಮಾರು 1.9 ಕೆ.ಜಿ. ತೂಗತೈತಿ, ನಿಮ್ಮ ಅಳತಿಗೆ 50 ಕೆ.ಜಿ. ಆಸುಪಾಸು. ನಾಕೂ ಕಡೆ 0.5 ಎಂ.ಎಂ. ಕಲರ್ ಶೀಟು ಬಡದು, ಮುಂದ ಎರಡು ಕದದ ಬಾಗ್ಲ ಕೊಟ್ರ ಮುಗೀತು. ಪೈಪಿನ ಮ್ಯಾಲಿನ ಬಾಯಿ ಮುಚ್ಚಿಸೋದು ಮರೀಬ್ಯಾಡ್ರಿ. ತೆರದ್ ಬಿಟ್ರ ನೀರು ಒಳಗ ಇಳದು ಪೈಪು ಒಳಗಿಂದ ಕೊಳೀತೈತಿ, ಹೊರಗ ಬಣ್ಣ ಫಳಫಳ ಅಂತಿರತೈತಿ.

ಬೆಟಗೇರಿ_ಮಗ್ಗ

ವೆಲ್ಡರ್ ಅಣ್ಣಾರ ಮಾತಿಗೆ ಅಡ್ಡ ಬರ್ತೀನಿ, ಸಿಟ್ಟಾಗಬ್ಯಾಡ್ರಿ. ನಾಕೂ ಕಡೆ ತಗಡು ಬಡದು ಬಾಗ್ಲ ಹಾಕಿದ್ರ ಅದೂ ಒಂದು ದೊಡ್ಡ ಟ್ರಂಕೇ ಆತಲ್ಲ. ಹಗಲೊತ್ತು ತಗಡು ಕಾಯತೈತಿ, ಒಳಗಿನ ಹಸಿ ಆವಿ ಆಕ್ಕೈತಿ. ರಾತ್ರಿ ತಗಡು ತಣ್ಣಗಾತು ಅಂದ್ರ ಅದೇ ಆವಿ ಒಳಮೈಗೆ ಹನಿಯಾಗಿ ಕುಂತು ಬಟ್ಟಿ ಮ್ಯಾಲೆ ಬೀಳತೈತಿ. ಹೊರಗಿನ ಮಳಿ ತಡದೆ ಅಂತ ನೀವು ಅನ್ಕೊಂಡಿರ್ತೀರಿ, ಒಳಗ ಬ್ಯಾರೇ ಮಳಿ ಸುರೀತಿರತೈತಿ.

ನಾ ಮಗ್ಗದ ಮನ್ಯಾಗ ಹುಟ್ಟಿದವ, ಹತ್ತಿ ನೂಲಿನ ಸ್ವಭಾವ ಒಂದೀಟು ಗೊತ್ತೈತಿ. ನೇಯೂಮುಂದ ಹಾಸಿನ ನೂಲಿಗೆ ಗಂಜಿ ಕೊಡ್ತೀವ್ರಿ, ಎಳಿ ಹರೀಬಾರ್ದು ಅಂತ. ಗಂಜಿ ಅಂದ್ರ ಊಟ. ಬೂಷ್ಟಿಗೂ ಊಟ, ಜಿರಳಿಗೂ ಊಟ. ಅಂಗಡಿಯಿಂದ ತಂದ ಹೊಸಾ ಹತ್ತಿ ಹ್ಯಾಮಕ್ಕಿನ್ಯಾಗ ಆ ಗಂಜಿ ಇನ್ನೂ ಇರತೈತಿ. ಯಾರೂ ತೊಳಿಯೂದಿಲ್ಲ, ಹೊಸಾದು ಯಾಕ ತೊಳೀಬೇಕು ಅಂತ ಹಂಗ ಕಟ್ಟಿ ಮಲಗ್ತಾರ. ರಾತ್ರಿ ಪೂರಾ ನೀರಾಗ ನೆನಸಿ, ಮರುದಿನ ಎರಡು ಮೂರು ಸಲ ಜಾಲಿಸ್ರಿ. ನೀರು ಬೆಳ್ಳಗ ಬರೂದು ನಿಂತಿತು ಅಂದ್ರ ಗಂಜಿ ಹೋತು.

ಇನ್ನ ಒಣಗಸೂದು. ಬಟ್ಟಿ ಬ್ಯಾರೆ, ಹಗ್ಗ ಬ್ಯಾರೆ. ಹತ್ತಿ ಹಗ್ಗದ ಮೈ ಒಣಗಿರತೈತಿ, ಹೊಟ್ಟ್ಯಾಗ ಹಸಿ ಇರತೈತಿ. ಕೈಲೆ ಮುಟ್ಟಿ ನೋಡಿದ್ರ ಮೋಸ ಹೋಗ್ತೀರಿ. ಹಗ್ಗದ ಹುರಿ ಹಿಂದಕ್ಕ ತಿರುವಿ ಎಳಿ ಬಿಡಿಸಿ, ಒಳಗಿನ ಎಳಿ ಗಲ್ಲಕ್ಕ ಹಚ್ಚಿ ನೋಡ್ರಿ. ತಣ್ಣಗ ಹತ್ತಿತು ಅಂದ್ರ ಇನ್ನೊಂದು ಬಿಸಿಲು ಬೇಕು.

ಕರೀ ಚುಕ್ಕಿ ಬಿದ್ದದ್ದಕ್ಕ ಮೊದಲು ಒಣ ಬ್ರಷ್ಷು ಹಾಕ್ರಿ. ಮನಿ ಒಳಗ ಅಲ್ಲ, ಹೊರಗ, ಮೂಗಿಗೆ ವಸ್ತ್ರ ಕಟ್ಕೊಂಡು. ಆಮ್ಯಾಲೆ ಸಾಬೂನು, ಬಿಸಿಲು. ಕಲೆ ಪೂರ್ತಿ ಹೋಗೂದಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಬೆಳ್ಳಗ ಮಾಡಾಕ ಹೋಗಬ್ಯಾಡ್ರಿ, ನೂಲು ಸೊರಗತೈತಿ. ಚುಕ್ಕಿ ಇದ್ದ ಜಾಗಾ ಎರಡು ಹೆಬ್ಬಟ್ಟಿನಿಂದ ಜಗ್ಗಿ ನೋಡ್ರಿ. ಹರೀತು ಅಂದ್ರ ಅದರಾಗ ಮಂದಿ ಮಲಗೂದು ಬಿಟ್ಟು ಕುಂಬಳಕಾಯಿ ತೂಗ ಹಾಕ್ರಿ.

ಕೆಲಗೇರಿ_ಹಿತ್ತಲ

ಜಗ್ಗಿ ನೋಡ್ದೆ. ಹರೀಲಿಲ್ಲ, ಆದ್ರ ಒಂದು ಕಡೆ ಎಳಿ ಚಟ್ ಅಂತು. ಕುಂಬಳಕಾಯಿಗೇ ಬಿಟ್ಟೆ.

ಬ್ಯಾಡಗಿ_ಘಾಟು

ಇಲಿಗೆ ನಮ್ಮೂರ ಒಣ ಮೆಣಸಿನಕಾಯಿ ನಾಕು ಹಾಕಿ ಇಡ್ರಿ, ಹತ್ರ ಸುಳಿಯೂದಿಲ್ಲ.

ನವನಗರದ_ಅಕ್ಕ

ಅದನ್ನು ನಾನು ಮಾಡಿ ನೋಡಿದ್ದೇನೆ. ಇಲಿ ಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿ ಬಟ್ಟೆ ಕಡಿಯಿತು. ಮೊದಲ ಭಾನುವಾರ ಹ್ಯಾಮಕ್‌ನಲ್ಲಿ ಮಲಗಿದ ನಮ್ಮ ಯಜಮಾನರು ಮಾತ್ರ ಅರ್ಧ ಗಂಟೆ ಸೀನಿದರು.

ಬ್ಯಾಡಗಿ_ಘಾಟು

ಯಜಮಾನ್ರಿಗೆ ನನ್ನ ಪರವಾಗಿ ಕ್ಷಮಾ ಕೇಳ್ರಿ ಅಕ್ಕಾರ. ಆದ್ರೂ ಅದು ಬ್ಯಾಡಗಿ ಕಾಯಿ ಇರಲಿಕ್ಕಿಲ್ಲ ಬಿಡ್ರಿ. ಬ್ಯಾಡಗಿದು ಬಣ್ಣ ಜಾಸ್ತಿ, ಖಾರ ಕಡಿಮಿ. ಯಾರೋ ನಿಮಗ ಗುಂಟೂರು ಕೊಟ್ಟಾರ.

ಎರಿಹೊಲ_ಗದಗ

ಎಲ್ಲಾರೂ ಮಾಡಿನ ಬಗ್ಗಿ ಮಾತಾಡಾಕತ್ತೀರಿ, ನೆಲದ ಬಗ್ಗಿ ಯಾರೂ ಕೇಳವಲ್ರಿ. ಯಪ್ಪಾ ಕೆಲಗೇರಿ, ನಿನ್ನ ಹಿತ್ತಲ ಎರಿನೋ (ಕರೀ ಮಣ್ಣು) ಮಸಾರಿನೋ (ಕೆಂಪು ಮಣ್ಣು)?

ಕೆಲಗೇರಿ_ಹಿತ್ತಲ

ಮ್ಯಾಲೆ ಒಂದೂವರೆ ಫುಟ್ ಎರಿ, ಕೆಳಗ ಗರಸು, ಅಂದ್ರ ಹಳ್ಳು ಬೆರೆತ ಗಟ್ಟಿ ಮಣ್ಣು, ಹತ್ತತೈತ್ರಿ. ನಾಕು ಕುಣಿ ತೋಡಿ ಕಂಬ ನಿಂದ್ರಿಸಿ ಕಾಂಕ್ರೀಟ್ ಹಾಕಿ ಬಿಡೋಣು ಅಂತಿದ್ದೆ.

ಎರಿಹೊಲ_ಗದಗ

ಅಲ್ಲೇ ಕೆಡತೈತಿ ನೋಡ. ಎರಿ ಮಣ್ಣು ಜೀವಂತ ಐತಿ. ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರೀತೈತಿ. ನಾಕು ಕಾಲು ಒಂದೇ ಹೊತ್ತಿಗೆ ಒಂದೇ ಅಳತಿ ಏರಿಳದ್ರ ಪಾಡ. ಹಂಗ ಆಗೂದಿಲ್ಲ. ಮಾಡಿನ ನೀರು ಬೀಳೂ ಕಡೆ ಕಾಲು ಏರತೈತಿ, ಗ್ವಾಡಿ ಕಡಿದು ಹಂಗ ಇರತೈತಿ. ಎರಡು ವರ್ಷಕ್ಕ ಬಾಗ್ಲ ಹಾಕಾಕ ಬರೂದಿಲ್ಲ, ಚೌಕಟ್ಟು ಸೊಟ್ಟ ಆಗಿರತೈತಿ. ನನ್ನ ಪಂಪಿನ ಮನಿ ಹಿಂಗ ಆಗಿ, ಈಗ ಬಾಗ್ಲಿಗೆ ಒದ್ದು ತಗೀಬೇಕು.

ನೀ ಎರಿ ಅಷ್ಟೂ ತಗದು ಬಿಡು, ಒಂದೂವರೆ ಫುಟ್ ಏನ ದೊಡ್ಡದಲ್ಲ. ಶೆಡ್ಡಿನಕಿಂತ ಸುತ್ತಲೂ ಒಂದು ಫುಟ್ ಜಾಸ್ತಿ ತೋಡು. ಅದರಾಗ ಗರಸು ತುಂಬು, ಆರು ಆರು ಇಂಚಿಗೆ ನೀರು ಹೊಡದು ಧಮ್ಮಸ ಹಾಕಿ ಬಡಿ. ಒಮ್ಮೆಲೆ ತುಂಬಿ ಮ್ಯಾಲೆ ಬಡದ್ರ ಕೆಳಗ ಪೊಳ್ಳ ಉಳೀತೈತಿ. ಮ್ಯಾಲೆ ಶಹಾಬಾದ ಫರಸಿ ಹಾಸು, ಹೊರಗಡೆ ಇಳಿಜಾರು ಕೊಡು. ನೆಲದಿಂದ ಅರ್ಧ ಫುಟ್ ಎತ್ತರ ಇರಲಿ. ಕಂಬ ಹುಗೀಬ್ಯಾಡ, ಫರಸಿ ಮ್ಯಾಲೆ ಕುಂದ್ರಸು. ಮ್ಯಾಲೆ ಇದ್ದದ್ದನ್ನ ನಾಳಿ ಎತ್ತಿ ಸರಿ ಮಾಡಬಹುದು.

ಆದ್ರ ಒಂದು ಮಾತು. ಹುಗೀಲಿಲ್ಲ ಅಂದ್ರ ಅಡ್ಡಮಳಿ ಗಾಳಿಗೆ ಹಾರತೈತಿ. ಮನಿ ಗ್ವಾಡಿಗೆ ಎರಡು ಕಡೆ ಕ್ಲಾಂಪ್ ಹಾಕಿ ಬಿಗಿ.

ಸಾಧನಕೇರಿ_ಮಾಸ್ತರ

ಗದಗದವರು ನೆಲ ನೋಡಿದ್ರು, ನಾ ಹಗ್ಗ ನೋಡ್ತೀನಿ. ಮೂವತ್ತು ವರ್ಷ ಹೈಸ್ಕೂಲಿನಾಗ ಭೌತಶಾಸ್ತ್ರ ಕಲಿಸಿದ ಚಟ, ಕ್ಷಮಿಸಬೇಕು.

ಶೆಡ್ಡಿನ ಕಂಬಕ್ಕ ಹ್ಯಾಮಕ್ ಕಟ್ಟೋ ವಿಚಾರ ದಯಮಾಡಿ ಬಿಡ್ರಿ. 75 ಕೆ.ಜಿ. ಮನುಷ್ಯಾ ಮಲಗಿದ್ರ ಎರಡು ಹಗ್ಗಕ್ಕ ಅರ್ಧರ್ಧ, ಒಂದೊಂದಕ್ಕ ಮೂವತ್ತೇಳೂವರೆ ಕಿಲೋ ಬೀಳ್ತದ ಅಂತ ಎಲ್ಲಾರೂ ತಿಳೀತಾರ. ಹಗ್ಗ ಸೀದಾ ಕೆಳಗ ಇಳಿಬಿಟ್ರ ಅದು ಖರೆ, ಪಂಚಮಿ ಜೋಕಾಲಿ ಹಂಗ. ಹ್ಯಾಮಕ್ಕಿನ ಹಗ್ಗ ಓರೆ ಇರ್ತದ. ನೆಲಕ್ಕ ಸಮಾನಾಂತರದಿಂದ 30 ಡಿಗ್ರಿ ಇಳಿದಿದ್ರ ಒಂದೊಂದು ಹಗ್ಗಕ್ಕೂ ಪೂರಾ 75 ಕೆ.ಜಿ. ಜಗ್ಗು ಬರ್ತದ. ಬಟ್ಟಿ ಒಣ ಹಾಕೋ ತಂತಿ ಹಂಗ ಬಿಗಿಯಾಗಿ, 10 ಡಿಗ್ರಿಗೆ ಕಟ್ಟಿದ್ರ ಒಂದೊಂದಕ್ಕ ಸುಮಾರು 216 ಕೆ.ಜಿ.! ಮನುಷ್ಯಾ ಅವನೇ, ತೂಕ ಅದೇ.

ಗಿಡಕ್ಕ ಇದು ಲೆಕ್ಕಕ್ಕಿಲ್ಲ, ಅದರ ಬೇರು ಅದನ್ನ ತಡೀತಾವ. ನಿಮ್ಮ ಶೆಡ್ಡಿನ ಕಂಬಕ್ಕ ಈ ಜಗ್ಗು ಅಡ್ಡಕ್ಕ ಬರ್ತದ, ಕೆಳಗ ಅಲ್ಲ. 30 ಡಿಗ್ರಿಯೊಳಗೂ ಅಡ್ಡ ಜಗ್ಗು 65 ಕೆ.ಜಿ. ಅದ. ಐದು ಫುಟ್ ಎತ್ತರದಾಗ ಒಬ್ಬ ಆಳು ಹಗಲೆಲ್ಲಾ ಶೆಡ್ಡು ಹಿಡಕೊಂಡು ಜೋತುಬಿದ್ದು ಎಳದ್ರ ಹೆಂಗೋ ಹಂಗ. ಮ್ಯಾಲೆ ಹುಡುಗರು ಏರಿ ತೂಗಾಡಿದ್ರ ಇನ್ನೂ ಜಾಸ್ತಿ. ಫರಸಿ ಮ್ಯಾಲೆ ಕುಂತ ಶೆಡ್ಡು ಹ್ಯಾಮಕ್ಕಿನ ಜೋಡಿ ನಡಕೋತ ಬರ್ತದ.

ಮಾವಿನ ಗಿಡಕ್ಕ ತ್ರಾಸ ಅಂದ್ರಿ. ತ್ರಾಸ ಆಗೋದು ಸಣ್ಣ ಹಗ್ಗ ತೊಗಟಿ ಕೊರೀತದಲ್ಲ, ಅದಕ್ಕ. ಎರಡಿಂಚು ಅಗಲದ ಪಟ್ಟಿ ಸುತ್ತಿ ಅದಕ್ಕ ಕೊಂಡಿ ಹಾಕ್ರಿ, ಮುಗೀತು. 13 ಫುಟ್ ಅಂತರ ಛಲೋ ಅಂತರ. ಆ ಎರಡು ಗಿಡ ಬಿಟ್ಟು ಕಂಬ ಹುಡಕ್ತೀರಲ್ಲ!

ಗೋಕುಲರಸ್ತೆ_ವೆಲ್ಡರ್

ಮಾಸ್ತರ, ಈ ಲೆಕ್ಕ ನನಗ ಮೊದ್ಲ ಯಾರರೆ ಹೇಳಿದ್ರ ಒಂದು ಮರ್ಯಾದಿ ಉಳೀತಿತ್ತು. ಮೂರು ವರ್ಷದ ಹಿಂದ ಒಬ್ಬರಿಗೆ ಹಿತ್ತಲದಾಗ ಪೈಪಿನ ಮಾಂಡವ ಮಾಡಿ ಕೊಟ್ಟಿದ್ದೆ, ಮಲ್ಲಿಗಿ ಬಳ್ಳಿ ಹಬ್ಬಸಾಕ. ಅವರು ಅದಕ್ಕ ಹ್ಯಾಮಕ್ ಕಟ್ಟಿದ್ರು. ಎರಡು ತಿಂಗಳಿಗೆ ಎರಡೂ ಕಂಬ ಒಳಗ ಬಾಗಿ, ಗಣಪತಿ ಮಂಟಪ ಕುಸಿದಂಗ ಆಗಿತ್ತು. ನಿಮ್ಮ ಪೈಪು ಹಗರ ಅಂತ ನನಗ ಬೈದ್ರು. ನಾ ಸುಮ್ನ ಕುಂತು, ದಪ್ಪ ಪೈಪು ಹಾಕಿ ಪುಕ್ಕಟೆ ಮಾಡಿ ಕೊಟ್ಟೆ. ಪೈಪಿಂದು ತಪ್ಪಲ್ಲ, ಜಗ್ಗಿಂದು ಅಂತ ಇವತ್ತು ತಿಳೀತು.

ನಾಕೂ ಕಡೆ ಶೀಟು ಅಂದದ್ದನ್ನೂ ವಾಪಸ್ ತಗೊಂಡೆ. ಮಗ್ಗದ ಅಣ್ಣಾರು ಹೇಳಿದ ಹನಿ ನಮ್ಮ ಸ್ವಂತ ಶೆಡ್ಡಿನಾಗ ದಿನಾ ನೋಡ್ತೀನಿ. ಮುಂಜಾನೆ ವೆಲ್ಡಿಂಗ್ ರಾಡ್ ಡಬ್ಬಿ ಮ್ಯಾಲೆ ನೀರು ಕುಂತಿರತೈತಿ.

ಹಳೇಹುಬ್ಬಳ್ಳಿ_ಓಣಿ

ಒಂದು ಹಗ್ಗ ಇಡಾಕ ಇಷ್ಟೆಲ್ಲಾ ಪುರಾಣನಾ? ನಮ್ಮಜ್ಜ ಪಂಚಮಿ ಮುಗೀತು ಅಂದ್ರ ಜೋಕಾಲಿ ಹಗ್ಗ ಒಣಗಿಸಿ, ಸುರುಳಿ ಸುತ್ತಿ, ಅಡಗಿ ಮನಿ ಪಕ್ಕದ ಜಂತಿ ಗೂಟಕ್ಕ ತೂಗ ಹಾಕ್ತಿದ್ದ. ಹೊಗಿ ಹತ್ತಿ ಹತ್ತಿ ಕರ್ರಗ ಆಗಿತ್ತು. ಹುಳಾ ಇಲ್ಲ, ಬೂಷ್ಟಿಲ್ಲ, ಇಲಿ ಇಲ್ಲ. ನಾಕು ತಲಿ ಆಡ್ಯಾವ ಅದರ ಮ್ಯಾಲೆ. ಮನ್ಯಾಗ ಒಂದು ಮೊಳಿ ಹೊಡದು ತೂಗ ಹಾಕ್ರಿ.

ಬೆಟಗೇರಿ_ಮಗ್ಗ

ಅಣ್ಣಾರು ಸಿಟ್ಟಿನ್ಯಾಗ ಹೇಳಿದ್ರೂ ಖರೆ ಹೇಳ್ಯಾರ. ಗಾಳಿ ಆಡೂ ಜಾಗಾ, ನೆಲ ಬಿಟ್ಟು ಎತ್ತರ, ಒಣ ಹಗ್ಗ. ಅಜ್ಜ ಈ ಮೂರೂ ಒಂದ ಗೂಟದಾಗ ಮಾಡಿದ್ದ. ಹೊಗಿ ನಾಕನೇದು, ಅದು ಈಗ ಗ್ಯಾಸ್ ಬಂದ ಮ್ಯಾಲೆ ಹೋತು.

ಕೆಲಗೇರಿ_ಹಿತ್ತಲ

ಹಳೇ ಹುಬ್ಬಳ್ಳಿ ಕಾಕಾರ, ಮನ್ಯಾಗ ಇರೂದ ಎರಡು ಖೋಲಿ, ಆರ್‌ಸಿಸಿ ಮಾಡಿ. ಜಂತಿ ಎಲ್ಲಿಂದ ತರ್ಲಿ? ಹಾರಿ ಸಲಿಕಿ ಪಡಸಾಲ್ಯಾಗ ತೂಗ ಹಾಕಿದ್ರ ಹೆಂಡ್ತಿ ನನ್ನ ಹೊರಗ ತೂಗ ಹಾಕ್ತಾಳ.

ನವನಗರದ_ಅಕ್ಕ

ನಾನು ಹನ್ನೊಂದು ವರ್ಷದಿಂದ ಹಿತ್ತಲಲ್ಲಿ ಸಾಮಾನು ಇಡುತ್ತಿದ್ದೇನೆ. ಮೊದಲು ಕೆಟ್ಟದ್ದೆಲ್ಲ ಕೆಡಿಸಿಕೊಂಡು ಕಲಿತದ್ದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಎರಡು ಬಲೆ ಹ್ಯಾಮಕ್ ನಿಜವಾಗಿ ನೈಲಾನೇ ಅಂತ ಮೊದಲು ನೋಡಿಕೊಳ್ಳಿ. ಬಾಜಾರದಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಅನ್ನುತ್ತಾರೆ. ಒಂದು ತುಂಡು ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಗುಳ್ಳೆ ಹೋಗುವಂತೆ ನೀರಿನೊಳಗೇ ಹಿಚುಕಿ ಬಿಡಿ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ತೇಲಿದರೆ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಎಥಿಲೀನ್. ತೇಲುವ ಹಗ್ಗಕ್ಕೆ ನೀರಿನ ಭಯವಿಲ್ಲ, ಬೂಷ್ಟೂ ತಿನ್ನುವುದಿಲ್ಲ, ಅದರ ಶತ್ರು ಬಿಸಿಲು. ನಮ್ಮದು ಎರಡು ಬೇಸಿಗೆ ಹೊರಗೇ ಇತ್ತು. ಮೂರನೆಯ ವರ್ಷ ಕೈಯಲ್ಲಿ ಉಜ್ಜಿದರೆ ಪುಡಿ ಉದುರಿತು, ಬಣ್ಣ ಮಾತ್ರ ಹಾಗೇ ಇತ್ತು. ನೈಲಾನ್ ಕೂಡ ಬಿಸಿಲಿಗೆ ಸೊರಗುತ್ತದೆ, ಸ್ವಲ್ಪ ನಿಧಾನ. ಪಾಲಿಯೆಸ್ಟರ್ ಇವೆರಡಕ್ಕಿಂತ ತಡೆಯುತ್ತದೆ. ಹಾಗಾಗಿ ಹತ್ತಿಯದಕ್ಕೆ ಗಾಳಿ ಮುಖ್ಯ, ಪ್ಲಾಸ್ಟಿಕ್‌ಗೆ ನೆರಳು ಮುಖ್ಯ. ಒಂದೇ ಗೂಡಿನಲ್ಲಿ ಎರಡೂ ಬೇಕು.

ಇಲಿ ವಿಷಯ. ಜಾಳಿ ಹಾಕಿಸುವಾಗ ಕಾಲಿಂಚು ಕಣ್ಣಿನದು, ಅಂದರೆ 6 ಎಂ.ಎಂ. ಹಾಕಿಸಿ. ಅರ್ಧ ಇಂಚಿನ ಕೋಳಿ ಜಾಳಿ ಹಾಕಿದ್ದೆ, ಸುಂಡಿಲಿ ಮರಿ ಆರಾಮಾಗಿ ನುಗ್ಗಿತು. ಬಾಗಿಲ ಕೆಳಗಿನ ಸಂದಿ ಮರೆಯಬೇಡಿ, ಜಾಳಿಗೆ ಅಷ್ಟು ಖರ್ಚು ಮಾಡಿ ಬಾಗಿಲ ಕೆಳಗೆ ಬೆರಳು ತೂರುವ ಜಾಗ ಬಿಟ್ಟಿರುತ್ತಾರೆ.

ಗೂಡಿನ ಕೆಳಗೆ ಇಟ್ಟಿಗೆ, ಒಡೆದ ಹಂಚು, ತೆಂಗಿನ ಗರಿ ಗುಡ್ಡೆ ಹಾಕಬೇಡಿ. ಇಲಿ ಬಂದರೆ ಹಿಂದೆಯೇ ಹಾವು ಬರುತ್ತದೆ. ನಮ್ಮಲ್ಲಿ ಒಮ್ಮೆ ಪೈಪಿನ ಸುರುಳಿ ಎತ್ತಿದೆ, ಅದರೊಳಗೆ ಇನ್ನೊಂದು ಸುರುಳಿ ಇತ್ತು. ಕೇರೆ ಹಾವು, ಅದರ ಪಾಡಿಗೆ ಹೋಯಿತು. ಕೊಳಕುಮಂಡಲ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಂದಿನಿಂದ ಪೈಪು ನೆಲದ ಮೇಲೆ ಇಡುವುದಿಲ್ಲ, ಹಳೆಯ ಬಕೆಟ್ಟಿನ ತಳ ಗೋಡೆಗೆ ಬಿಗಿದು ಅದಕ್ಕೆ ಸುತ್ತುತ್ತೇನೆ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿ ನಮ್ಮದು, ನೀರು ಬಂದಾಗ ಕತ್ತಲಲ್ಲೂ ಕೈ ಹಾಕಿ ಪೈಪು ಎಳೆಯಬೇಕಾಗುತ್ತದೆ.

ಯೂರಿಯಾವನ್ನು ಆ ಗೂಡಿಗೆ ಸೇರಿಸಲೇಬೇಡಿ. ಗಾಳಿಯ ತೇವ ಎಳೆದುಕೊಂಡು ತಾನೂ ನೀರಾಗುತ್ತದೆ, ಪಕ್ಕದ ಕಬ್ಬಿಣವನ್ನೂ ತಿನ್ನುತ್ತದೆ. ನಿಮ್ಮ ಸಲಿಕೆಗೆ ಜಂಗು ಹಿಡಿಸಿದ್ದು ಮಳೆಗಿಂತ ಅದೇ ಇರಬೇಕು. ಬಾಯಿ ಬಿಗಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಇಡಿ. ಕ್ರಿಮಿನಾಶಕದ ಬಾಟಲಿ ಇದ್ದರೆ ಅದೂ ಬೇರೆ, ಮೈಗೆ ತಾಗುವ ಬಟ್ಟೆಯ ಜೊತೆ ಬೇಡ.

ಕೊನೆಗೆ ನೆರೆಯವರು. ಮಾಡಿನ ನೀರು ನಿಮ್ಮ ಜಾಗದಲ್ಲೇ ಬೀಳಲಿ. ನಮ್ಮ ಓಣಿಯಲ್ಲಿ ಎರಡು ಮನೆ ಮಾತು ಬಿಟ್ಟದ್ದು ಇಂಥದ್ದೇ ಒಂದು ತಗಡಿನ ನೀರಿಗೆ.

ಎರಿಹೊಲ_ಗದಗ

ಅಕ್ಕಾರ ಪೈಪಿನ ಸುರುಳಿ ಓದಿ ಎದಿ ಝಲ್ ಅಂತ್ರಿ.

ಸಾಧನಕೇರಿ_ಮಾಸ್ತರ

ಮಾಡಿನ ನೀರಿನ ಮಾತು ಬಂತಲ್ಲ. ಒಂದು ಚದರ ಮೀಟರ್ ಮಾಡಿನ ಮ್ಯಾಲೆ 1 ಎಂ.ಎಂ. ಮಳಿ ಬಿದ್ರ 1 ಲೀಟರ್ ನೀರು. 6×4 ಫುಟ್ ಅಂದ್ರ 2.2 ಚದರ ಮೀಟರ್. 20 ಎಂ.ಎಂ. ಮಳಿ ಆದ ದಿನ 44 ಲೀಟರ್, ಎರಡು ಕೊಡಕ್ಕಿಂತ ಜಾಸ್ತಿ. ಒಂದು ತಗಡಿನ ಕಾಲುವಿ ಹಚ್ಚಿ ಡ್ರಮ್ಮಿಗೆ ಬಿಟ್ರ ಗಿಡಕ್ಕ ಆಗ್ತದ, ಎರಿಗೂ ನೀರು ಇಳಿಯೂದು ತಪ್ತದ.

ಇನ್ನೊಂದು, ಧಾರವಾಡದಾಗ ಇದ್ದು ಮುಸ್ಯಾಗಳ, ಅಂದ್ರ ಕರೀ ಮಾರಿ ಮಂಗ್ಯಾಗಳ, ಮಾತು ಯಾರೂ ಎತ್ತಲಿಲ್ಲ! ಮಾಡು ಹಗರ ಇದ್ರ ಅವು ಜಿಗಿದ ಜಿಗಿತಕ್ಕ ತಗಡು ನುಗ್ಗಾಗ್ತದ. ಚಿಲಕ ತಗಿಯೂದೂ ಅವಕ್ಕ ಬರ್ತದ. ಹೋದ ಮಾಘದಾಗ ನಮ್ಮ ಹ್ಯಾಮಕ್ಕಿನ್ಯಾಗ ಒಂದು ಮುಸ್ಯಾ ಮರಿ ಕಟ್ಟಿಕೊಂಡು ಮಲಗಿತ್ತು. ಎಬ್ಬಿಸೋ ಧೈರ್ಯ ಆಗಲಿಲ್ಲ, ನಾನೇ ಒಳಗ ಹೋಗಿ ಖುರ್ಚಿ ಮ್ಯಾಲೆ ಕೂತೆ.

ರಾಣೇಬೆನ್ನೂರ_ಬಡಿಗ್ಯಾರ

ಕಬ್ಬಿಣದ ಬಗ್ಗಿ ಭಾಳ ಆತು. ಚೌಕಟ್ಟು ಕಬ್ಬಿಣದ್ದು ಇರಲಿ, ಗ್ವಾಡಿ ಮತ್ತ ಬಾಗ್ಲ ಕಟಗೀದು ಮಾಡ್ರಿ. ಕಟಗಿ ಪಟ್ಟಿ ಓರೆ ಕೂಡಿಸಿದ್ರ, ಕಿಟಕಿ ಝಡಪಿ ಹಂಗ, ಮಳಿ ಹೊರಗ ಜಾರತೈತಿ, ಗಾಳಿ ಒಳಗ ಬರತೈತಿ, ಬಿಸಿಲು ಬೀಳೂದಿಲ್ಲ. ಒಂದರ ಮ್ಯಾಲೊಂದು ಒಂದಿಂಚು ಏರಿರಬೇಕು. ಒಳಗಡೆ ಅಕ್ಕಾರು ಹೇಳಿದ ಜಾಳಿ.

ಸಾಗವಾನಿ ಬ್ಯಾಡ, ಸಲಿಕಿ ಇಡಾಕ ಸಾಗವಾನಿನಾ? ಹಳೇ ಮನಿ ಕೆಡವಿದ್ದು ಗುಜರ್ಯಾಗ ಬಂದಿರತೈತಿ, ಹಳೇ ಮತ್ತಿ ಹಲಗಿ ಸಿಕ್ರ ಬಿಡಬ್ಯಾಡ್ರಿ. ಫ್ಯಾಕ್ಟರಿ ಕಡೆಯಿಂದ ಪ್ಯಾಲೆಟ್ ಕಟಗಿ ಸೋವಿ ಸಿಗತೈತಿ. ತಗೋಳೂಮುಂದ ಅದರ ಮ್ಯಾಲಿನ ಛಾಪು ನೋಡ್ರಿ. ಪರದೇಶಕ್ಕ ಹೋಗಿ ಬರೂ ಪ್ಯಾಲೆಟ್‌ಗೆ ಗೋದಿ ತೆನಿ ಚಿತ್ರದ ಛಾಪು ಇರತೈತಿ. ಬಾಜೂಕ ‘ಎಚ್‌ಟಿ’ ಅಂತಿದ್ರ ಕಾಸಿದ ಕಟಗಿ, ತಗೋರಿ. ‘ಎಂಬಿ’ ಅಂತಿದ್ರ ಮೀಥೈಲ್ ಬ್ರೋಮೈಡ್ ವಿಷದ ಹೊಗಿ ಕೊಟ್ಟದ್ದು, ಬಿಡ್ರಿ. ಎಣ್ಣಿ ಕಲೆ ಬಿದ್ದದ್ದೂ ಬ್ಯಾಡ.

ಕಟಗಿ ಫರಸಿಗೆ ಮುಟ್ಟಬಾರ್ದು. ಎರಡಿಂಚು ಬಿಟ್ಟು ಕಬ್ಬಿಣದ ಕಾಲಿನ ಮ್ಯಾಲೆ ನಿಲ್ಲಲಿ. ವರಲಿ ಹುಳಾ ಮಣ್ಣಿನ ಕೊಳವಿ ಕಟ್ಕೊಂತ ಏರತೈತಿ. ಕಾಲು ಬೈಲಾಗ ಕಾಣೂ ಹಂಗ ಇದ್ರ ಆ ಕೊಳವಿ ನಿಮ್ಮ ಕಣ್ಣಿಗೆ ಬೀಳತೈತಿ, ಪರಕಿಲೆ ಹೊಡದ್ರ ಹೋತು. ಪಟ್ಟಿ ಕೊಯ್ದ ತುದಿಗೆ ಎಣ್ಣಿ ಎರಡು ಕೈ ಜಾಸ್ತಿ ಕುಡಸ್ರಿ, ಕಟಗಿ ನೀರು ಕುಡಿಯೂದು ತುದಿಯಿಂದನ.

ಕೆಲಗೇರಿ_ಹಿತ್ತಲ

ಎಲ್ಲಾರದೂ ಕೇಳಿ ಹಿಂಗ ಠರಾಯಿಸೀನಿ. ಅಗಲ 6 ಫುಟ್, ಒಳಗ 3 ಫುಟ್ ಸಾಕು, 4 ಬ್ಯಾಡ. ಆಳ ಜಾಸ್ತಿ ಆದ್ರ ಹಿಂದಿನ ಸಾಮಾನು ಮುಂದಿಂದರ ಹಿಂದ ಸಾಯತೈತಿ. ಮುಂದ ಎತ್ತರ ಆರೂವರೆ, ಹಿಂದ ಆರು, ನೀರು ಹಿಂದಕ್ಕ ಕಾಲುವ್ಯಾಗ. ತಗಡು ಮಾಡಿಗೆ ಮಾತ್ರ, ಮುಂದ ಒಂದು ಫುಟ್ ಚಾಚಿ. ಮೂರು ಕಡೆ ಓರೆ ಪಟ್ಟಿ, ಒಳಗ ಕಾಲಿಂಚಿನ ಜಾಳಿ. ಒಳಗ ಮ್ಯಾಲೆ ಒಂದು ಅಡ್ಡ ಪೈಪು, ಅದಕ್ಕ ಜಂತಿ ಅಂತ ಹೆಸರಿಟ್ಟೀನಿ, ಹಳೇ ಹುಬ್ಬಳ್ಳಿ ಕಾಕಾರ ಗೌರವಕ್ಕ. ಹ್ಯಾಮಕ್ಕು, ಹಗ್ಗ ಅದಕ್ಕ ತೂಗತಾವ, ಸಲಿಕಿ ಹಾರಿ ಎಡಕ್ಕ, ಬಟ್ಟಿಗೆ ಮುಟ್ಟದಂಗ ನಡುವ ಒಂದು ಹಲಗಿ. ಯೂರಿಯಾ ಡ್ರಮ್ಮಿಗೆ ಹೋತು. ಹ್ಯಾಮಕ್ಕು ಗಿಡಕ್ಕ.

ತೇಲಿಸಿ ನೋಡ್ದೆ ಅಕ್ಕಾರ. ಎರಡು ‘ನೈಲಾನ್’ ಹ್ಯಾಮಕ್ಕಿನ್ಯಾಗ ಒಂದು ತೇಲಿತು.

ಬೆಟಗೇರಿ_ಮಗ್ಗ

ತೂಗೂಮುಂದ ಎರಡೂ ತುದಿಯ ರಿಂಗು ಒಂದ ಕೊಂಡಿಗೆ ಹಾಕಿ ಸಡ್ಲ ಇಳಿ ಬಿಡ್ರಿ. ಮಡಚಿದ್ರ ಮಡಿಕಿ ಮ್ಯಾಲೆ ಸವೀತೈತಿ. ಧೂಳಿಗೆ ಹಳೇ ಧೋತರದ ಚೀಲ ಹೊಲಿಸ್ರಿ. ಪ್ಲಾಸ್ಟಿಕ್ ಚೀಲ ಹಾಕಿದ್ರ ಮತ್ತ ಟ್ರಂಕಿನ ಕಥಿ.

ಕೆಲಗೇರಿ_ಹಿತ್ತಲ (ಮೇ ತಿಂಗಳು)

ಗೂಡು ನಿಂತೈತ್ರಿ. ಗರಸು, ಫರಸಿ, ಪೈಪು, ತಗಡು, ಜಾಳಿ, ಗುಜರಿ ಕಟಗಿ, ಕೂಲಿ ಕೂಡಿ 14,200 ಬಿತ್ತು. ಧಮ್ಮಸ ನಾನ ಹಾಕ್ದೆ, ಭುಜ ಇನ್ನೂ ನೋಯತೈತಿ. ವೆಲ್ಡರ್ ಅಣ್ಣಾರು ಹೇಳಿದ್ದಕ್ಕ ಪೈಪಿನ ಬಾಯಿ ಮುಚ್ಚಿಸಿ, ಬೆಸಿಗಿ ಮ್ಯಾಲಿನ ಕಿಟ್ಟ ತಿಕ್ಕಿ ತಗದು ರೆಡ್ ಆಕ್ಸೈಡ್ ಹೊಡಿಸಿದೆ.

ಮೊನ್ನೆ ಸಂಜಿಕೆ ದೊಡ್ಡ ಅಡ್ಡಮಳಿ ಬಂತು. ಎದರ ಮನಿ ಸಿಂಟೆಕ್ಸ್ ಮುಚ್ಚಳ ನಮ್ಮ ಹಿತ್ತಲಕ್ಕ ಹಾರಿ ಬಂದು ಬಿತ್ತು. ಗೂಡು ಅಳ್ಳಾಡಲಿಲ್ಲ, ಗ್ವಾಡಿಗೆ ಹಾಕಿದ ಕ್ಲಾಂಪ್ ಹಿಡಕೊಂತು. ಆದ್ರ ಪಡುವಣ ಕಡೆ ಪಟ್ಟ್ಯಾಗಿಂದ ಎರಚಲು ಒಳಗ ಹೊಡೀತು. ಹಲಗಿ ತನಕ ತೊಯ್ದಿತ್ತು.

ರಾಣೇಬೆನ್ನೂರ_ಬಡಿಗ್ಯಾರ

ಒಂದಿಂಚು ಏರಿಸ್ರಿ ಅಂದಿದ್ದೆ. ಎಷ್ಟು ಏರಿಸೀರಿ?

ಕೆಲಗೇರಿ_ಹಿತ್ತಲ

ಅರ್ಧ ಇಂಚು. ಕಟಗಿ ಕಡಿಮಿ ಬಿತ್ತು ಅಂತ.

ರಾಣೇಬೆನ್ನೂರ_ಬಡಿಗ್ಯಾರ

ಹಾಂ. ಆ ಕಡೆ ಒಂದಕ್ಕ ನಡುನಡುವ ಪಟ್ಟಿ ಸೇರಸ್ರಿ. ಉಳಿದ ಎರಡು ಕಡೆ ಹಂಗ ಇರಲಿ, ನಿಮ್ಮಲ್ಲಿ ಮಳಿ ಬಡಿಯೂದು ಪಡುವಣದಿಂದನ.

ಕೆಲಗೇರಿ_ಹಿತ್ತಲ (ಪಂಚಮಿ ಮುಗಿದ ಮರುವಾರ)

ಪಂಚಮಿ ಆತು. ಗೂಡಿನಿಂದ ಹಗ್ಗ ತಗದು ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ವಿ, ಓಣಿ ಹುಡುಗ್ಯಾರೆಲ್ಲಾ ಬಂದು ಜೀಕಿದ್ರು, ಉಂಡಿ ಡಬ್ಬಿ ಖಾಲಿ ಆತು. ಎರಡು ತಿಂಗಳು ಬಿಡದ ಜಡಿಮಳ್ಯಾಗ ತೂಗಿದ್ದ ಹಗ್ಗ ಅದು. ಮಗ್ಗದ ಅಣ್ಣಾರ, ಎಳಿ ಬಿಡಿಸಿ ಗಲ್ಲಕ್ಕ ಹಚ್ಚಿ ನೋಡ್ದೆ, ಒಣಾನ ಇತ್ತು. ಹೊಸಾ ಹತ್ತಿ ಹ್ಯಾಮಕ್ಕಿಗೆ ವಾಸ್ನಿ ಇಲ್ಲ. ಇಲಿ ಕಾಣಲಿಲ್ಲ. ಹಲ್ಲಿ ತತ್ತಿ ಎರಡು ಅದಾವ, ಬಿಟ್ಟೀನಿ.

ಆಡಿ ಮುಗದ ಮ್ಯಾಲೆ ಹಗ್ಗ ತೊಯ್ದಿತ್ತು. ಈ ಸಲ ತುರುಕಲಿಲ್ಲ. ಪಡಸಾಲ್ಯಾಗ ಫ್ಯಾನಿನ ಕೆಳಗ ಮೂರು ದಿನ ಹರವಿದ್ದೆ. ಹೆಂಡ್ತಿ ಮೂರು ದಿನ ಅದನ್ನ ದಾಟಿ ದಾಟಿ ಅಡ್ಡಾಡಿದ್ಳು, ಏನೂ ಅನ್ನಲಿಲ್ಲ, ಅದ ಭಯ.

ಒಂದ ತಕರಾರು. ಬಾಗ್ಲ ಹತ್ತಕೋತೈತಿ. ಬ್ಯಾಸಗ್ಯಾಗ ಗಾಳಿ ಹಂಗ ಆಡ್ತಿತ್ತು, ಈಗ ಮಣಕಾಲ ಹಚ್ಚಿ ನೂಕಬೇಕು. ಎರಿ ಏರಿತೇನೋ ಅಂತ ಮಟ್ಟಗೋಲು ಹಿಡಿದು ನೋಡ್ದೆ, ಫರಸಿ ಸಮನಾಗೇ ಐತಿ. ನಾಳೆ ರಂಧಾ ಹೊಡಸ್ಲೇನು?

ರಾಣೇಬೆನ್ನೂರ_ಬಡಿಗ್ಯಾರ

ಮುಟ್ಟಬ್ಯಾಡ್ರಿ! ಕಟಗಿ ಮಳಿ ಕುಡದು ಉಬ್ಬೈತಿ, ಅಷ್ಟ. ಈಗ ರಂಧಾ ಹೊಡದ್ರ ಬ್ಯಾಸಗಿಗೆ ಬೆರಳು ತೂರೂವಷ್ಟು ಸಂದಿ ಬೀಳತೈತಿ, ಅಕ್ಕಾರ ಸುಂಡಿಲಿಗೆ ದಾರಿ ಆಕ್ಕೈತಿ. ದೀಪಾವಳಿ ತನಕ ತಡೀರಿ. ಆಗ್ಲೂ ಹತ್ತಕೊಂಡ್ರ ಹತ್ತಿದ ಜಾಗಾಕ್ಕ ಸೀಮಿಸುಣ್ಣ ತಿಕ್ಕಿ ಬಾಗ್ಲ ಹಾಕಿ ತಗೀರಿ. ಸುಣ್ಣ ಎಲ್ಲಿ ಅಳಿಸಿರತೈತಿ ಅಲ್ಲಿ ಮಾತ್ರ ಎರಡು ಸಲ ರಂಧಾ, ಮ್ಯಾಲೆ ಎಣ್ಣಿ.

ಕೆಲಗೇರಿ_ಹಿತ್ತಲ

ಆತ್ರಿ. ದೀಪಾವಳಿ ತನಕ ಮಣಕಾಲ ಹಚ್ತೀನಿ.